ಹತ್ತು ನಿಮಿಷದ ನಡಿಗೆ, ನೂರು ವರ್ಷದ ಯೋಜನೆ



ಸಂಘದ ರಾಜ್ಯೋತ್ಸವದ ದಿನ ಸಭಾಭವನದ ಹಿಂದಿನ ಸಾಲಿನಲ್ಲಿ ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಕುಳಿತಿದ್ದ ಹುಡುಗಿಯೊಬ್ಬಳನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬಹುದು. ಕೋಲಾಟದ ತಂಡದಲ್ಲಿ ಅವಳ ಹೆಸರಿತ್ತು. ಕೋಲು ಹಿಡಿಯುವ ಕೈಯೇ ಮುರಿದಿದ್ದರಿಂದ ಪಾಪ, ಕುಳಿತು ನೋಡಬೇಕಾಯಿತು. ಚಹಾದ ಹೊತ್ತಿನಲ್ಲಿ "ಏನಮ್ಮಾ, ಲೋಕಲ್ ಟ್ರೇನಿನಲ್ಲಿ ಬಿದ್ದೆಯಾ?" ಎಂದು ವಿಚಾರಿಸಿದೆ. "ಇಲ್ಲ ಅಂಕಲ್, ಕಾಲೇಜಿನ ಒಳಗೇ" ಎಂದಳು.

ನಡೆದದ್ದು ಇಷ್ಟು. ಅವಳ ಕಾಲೇಜಿನಲ್ಲಿ ಗೇಟಿನಿಂದ ಪ್ರಯೋಗಾಲಯದ ಕಟ್ಟಡದವರೆಗೆ ಒಂದು ಅಗಲವಾದ ಡಾಂಬರು ರಸ್ತೆಯಿದೆ. ಕಾಲುದಾರಿ ಇಲ್ಲ. ರಸ್ತೆಯ ಎರಡೂ ಬದಿಗೆ ಸ್ಕೂಟರುಗಳು, ಅವುಗಳ ಆಚೆಗೆ ಕಾರುಗಳು. ನಡೆಯುವವರು ರಸ್ತೆಯ ನಡುವೆಯೇ ನಡೆಯಬೇಕು. ಹಿಂದಕ್ಕೆ ಬರುತ್ತಿದ್ದ ಕಾರೊಂದು ಇವಳನ್ನು ಕೆಡವಿತು. ಕಾರು ಓಡಿಸುತ್ತಿದ್ದವರು ಒಳ್ಳೆಯವರು, ತಾವೇ ಆಸ್ಪತ್ರೆಗೆ ಕರೆದೊಯ್ದರು. ತಪ್ಪು ಅವರದು ಎನ್ನುವುದಕ್ಕಿಂತ ಆ ರಸ್ತೆಯದು ಎನ್ನಬೇಕು.

ಆಮೇಲೆ ಅವಳು ಹೇಳಿದ ಮಾತು ನನ್ನನ್ನು ಈ ಅಂಕಣ ಬರೆಯಲು ಹಚ್ಚಿತು. "ಕಾಲೇಜಿನವರು ಈಗ ಮುಂದಿನ ಮೂವತ್ತು ವರ್ಷದ ಮಾಸ್ಟರ್ ಪ್ಲಾನ್ ಮಾಡಿಸ್ತಿದ್ದಾರೆ ಅಂಕಲ್. ನಕ್ಷೇನ ನೋಟಿಸ್ ಬೋರ್ಡಿಗೆ ಹಾಕಿದ್ದಾರೆ. ಸ್ಟೂಡೆಂಟ್ಸೂ ಸಲಹೆ ಕೊಡಬಹುದಂತೆ. ಆದರೆ ನೋಡಿದರೆ ಬರೀ ಬಣ್ಣದ ಚೌಕಗಳು. ಏನಂತ ಬರೀಲಿ?"

ಚಹಾ ಆರುವುದರೊಳಗೆ ಹೇಳಿ ಮುಗಿಸುವ ಉತ್ತರ ಇದಲ್ಲ. ನಿಮ್ಮಲ್ಲಿ ಬಹುಮಂದಿ ಇಂದು ಯಾವುದಾದರೊಂದು ಕಾಲೇಜಿನ, ವಿಶ್ವವಿದ್ಯಾಲಯದ ಆವರಣದಲ್ಲಿ ದಿನದ ಎಂಟು ಗಂಟೆ ಕಳೆಯುವವರು. ಆದ್ದರಿಂದ ಅವಳಿಗೆ ಹೇಳಬೇಕಾದದ್ದನ್ನು ನಿಮ್ಮೆಲ್ಲರಿಗೂ ಹೇಳುತ್ತಿದ್ದೇನೆ. ಕನ್ನಡವನ್ನು ನಿಧಾನವಾಗಿ ಓದುವವರು ನಿಧಾನವಾಗಿಯೇ ಓದಿ. ಈ ಸಲದ ವಿಷಯವೂ ಕಾಲ್ನಡಿಗೆಯದೇ.

ಮುಂಬಯಿಯ ಬಾಡಿಗೆ, ಮೈಸೂರಿನ ನೆಲ

ಮೊದಲು ನಿಮ್ಮನ್ನು ಬೆಂಗಳೂರಿಗೆ ಕರೆದೊಯ್ಯುತ್ತೇನೆ. ಮಲ್ಲೇಶ್ವರದ ಆಚೆಗೆ, ಹಳಬರು ಇಂದಿಗೂ 'ಟಾಟಾ ಇನ್‌ಸ್ಟಿಟ್ಯೂಟ್' ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಿದೆ. ನಿಮ್ಮ ಅಪ್ಪ ಅಮ್ಮ ರಜೆಯಲ್ಲಿ ಊರಿಗೆ ಹೋದಾಗ ಅದರ ಗೋಡೆಯ ಪಕ್ಕದಲ್ಲಿ ಬಸ್ಸಿನಲ್ಲಿ ಹಾದುಹೋಗಿರಬಹುದು. ಹೊರಗೆ ವಾಹನಗಳ ಗದ್ದಲ. ಒಳಗೆ ಕಾಲಿಟ್ಟರೆ ಮರಗಳ ಸಾಲು, ಸೈಕಲ್ಲಿನ ಗಂಟೆಯ ಸದ್ದು.

ಈ ಸಂಸ್ಥೆಗೂ ನಮ್ಮ ಮುಂಬಯಿಗೂ ಇರುವ ನಂಟು ದೊಡ್ಡದು. ಜಮ್ಶೆಟ್‌ಜಿ ಟಾಟಾ ಅವರು 1898ರ ಸುಮಾರಿಗೆ ಇಂಥದೊಂದು ಸಂಸ್ಥೆಗಾಗಿ ಮುಂಬಯಿಯಲ್ಲಿದ್ದ ತಮ್ಮ ಕಟ್ಟಡಗಳನ್ನೂ ನಿವೇಶನಗಳನ್ನೂ ಕೊಡಲು ಮುಂದೆ ಬಂದರು. ಅವುಗಳಿಂದ ವರ್ಷಕ್ಕೆ ಒಂದೂಕಾಲು ಲಕ್ಷ ರೂಪಾಯಿ ಆದಾಯ ಬರುವ ಅಂದಾಜಿತ್ತು. ಎಲ್ಲಿ ಕಟ್ಟಬೇಕೆಂದು ನೋಡಲು ಇಂಗ್ಲೆಂಡಿನಿಂದ ಬಂದ ವಿಜ್ಞಾನಿ ವಿಲಿಯಂ ರಾಮ್ಸೆ ಅವರು ಬೆಂಗಳೂರನ್ನು ಸೂಚಿಸಿದರು. ಮೈಸೂರಿನ ದಿವಾನರಾಗಿದ್ದ ಶೇಷಾದ್ರಿ ಅಯ್ಯರ್ ಅವರ ಆಸಕ್ತಿಯೂ ಇದರ ಹಿಂದಿತ್ತು. 1907ರಲ್ಲಿ ಮೈಸೂರು ಸಂಸ್ಥಾನ ಸುಮಾರು 371 ಎಕರೆ ನೆಲ ಕೊಟ್ಟಿತು. ಅಷ್ಟರಲ್ಲಿ ಟಾಟಾ ಅವರು ತೀರಿಕೊಂಡು ಮೂರು ವರ್ಷವಾಗಿತ್ತು. ಸಂಸ್ಥೆ ಅಧಿಕೃತವಾಗಿ ಹುಟ್ಟಿದ್ದು 1909ರಲ್ಲಿ, ಮೊದಲ ವಿದ್ಯಾರ್ಥಿಗಳು ಬಂದದ್ದು 1911ರಲ್ಲಿ. ಮುಖ್ಯ ಕಟ್ಟಡದ ವಿನ್ಯಾಸ ಮಾಡಿದವರು ಮುಂಬಯಿಯ ಸಿ. ಎಫ್. ಸ್ಟೀವನ್ಸ್. ನೀವು ದಿನವೂ ಇಳಿದು ಹತ್ತುವ ವಿ.ಟಿ. ಸ್ಟೇಷನ್ನನ್ನು, ಅಂದರೆ ಈಗಿನ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ಸನ್ನು ವಿನ್ಯಾಸಗೊಳಿಸಿದ ಎಫ್. ಡಬ್ಲ್ಯೂ. ಸ್ಟೀವನ್ಸ್ ಅವರ ಮಗ.

ಈಗ ಒಂದು ಪ್ರಶ್ನೆ. ಬೆರಳೆಣಿಕೆಯ ವಿದ್ಯಾರ್ಥಿಗಳಿಂದ ಶುರುವಾಗುವ ಸಂಸ್ಥೆಗೆ 371 ಎಕರೆ ಏಕೆ ಬೇಕಿತ್ತು? ಅಂದು ಅದು ಮರಗಳು ವಿರಳವಾಗಿದ್ದ ಒಣ ಬಯಲು. 'ಇಷ್ಟೊಂದು ನೆಲ ದಂಡ' ಎಂದು ಯಾರಾದರೂ ಹೇಳಿದ್ದರೆ ಆಶ್ಚರ್ಯವಿಲ್ಲ. ಆದರೆ ಆ ನೆಲ ಇದ್ದುದರಿಂದಲೇ ಮುಂದೆ ವಿಮಾನಶಾಸ್ತ್ರ ಬಂದಾಗ ಅದಕ್ಕೊಂದು ಜಾಗ, ಲೋಹಶಾಸ್ತ್ರ ಬಂದಾಗ ಅದಕ್ಕೊಂದು ಜಾಗ, ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಒಳಗೇ ವಸತಿ ಮಾಡಲು ಸಾಧ್ಯವಾಯಿತು. ದೀರ್ಘಕಾಲದ ಯೋಜನೆಯೆಂದರೆ ಎಲ್ಲವನ್ನೂ ಇಂದೇ ಕಟ್ಟಿ ಮುಗಿಸುವುದಲ್ಲ. ನಾಳೆ ಬರುವವರಿಗೆ ಏನು ಬೇಕಾದೀತೆಂದು ನಮಗೆ ತಿಳಿಯದು ಎಂಬುದನ್ನು ಒಪ್ಪಿಕೊಂಡು, ಅವರಿಗೆಂದು ಜಾಗ ಉಳಿಸುವುದು.

ಕಾಲಿನ ಲೆಕ್ಕ

ಇನ್ನು ಲೆಕ್ಕಕ್ಕೆ ಬರೋಣ. ಆರೋಗ್ಯವಂತ ಮನುಷ್ಯ ಗಂಟೆಗೆ ಸುಮಾರು ಐದು ಕಿಲೋಮೀಟರ್ ನಡೆಯುತ್ತಾನೆ. ಹತ್ತು ನಿಮಿಷಕ್ಕೆ 800 ಮೀಟರಿಗಿಂತ ಸ್ವಲ್ಪ ಹೆಚ್ಚು. ಮೆಟ್ಟಿಲು ಇಳಿಯುವುದು, ಗೆಳತಿಗಾಗಿ ಕಾಯುವುದು ಇವನ್ನೆಲ್ಲ ಕಳೆದರೆ 600 ಮೀಟರ್ ಎಂದಿಟ್ಟುಕೊಳ್ಳಿ. ಎರಡು ತರಗತಿಗಳ ನಡುವೆ ಸಿಗುವುದು ಸಾಮಾನ್ಯವಾಗಿ ಹತ್ತೇ ನಿಮಿಷ. ಆದ್ದರಿಂದ ದಿನವೂ ಬೇಕಾಗುವ ಪಾಠದ ಕೊಠಡಿ, ಗ್ರಂಥಾಲಯ, ಪ್ರಯೋಗಾಲಯ, ಕ್ಯಾಂಟೀನು ಈ ನಾಲ್ಕೂ ಒಂದಕ್ಕೊಂದು 600 ಮೀಟರಿನ ಒಳಗೆ ಇರಬೇಕು. ಅಷ್ಟಿದ್ದರೆ ಯಾರೂ ಸ್ಕೂಟರ್ ಕೇಳುವುದಿಲ್ಲ. ಅದು ಒಂದೂವರೆ ಕಿಲೋಮೀಟರ್ ಆಯಿತೆಂದರೆ, ನಡೆಯಿರಿ ಎಂದು ಎಷ್ಟು ಭಾಷಣ ಮಾಡಿದರೂ ಯಾರೂ ನಡೆಯುವುದಿಲ್ಲ.

371 ಎಕರೆಯೆಂದರೆ ಸುಮಾರು ಒಂದೂವರೆ ಚದರ ಕಿಲೋಮೀಟರ್. ಅದನ್ನೊಂದು ಚೌಕವೆಂದು ಎಣಿಸಿದರೆ ಒಂದೊಂದು ಬದಿ 1,200 ಮೀಟರಿನಷ್ಟಾಗುತ್ತದೆ. ನಟ್ಟನಡುವಿನಿಂದ ಅಂಚಿಗೆ 600 ಮೀಟರ್! ಅಂದರೆ ಇಷ್ಟು ದೊಡ್ಡ ಆವರಣವನ್ನೂ, ಮುಖ್ಯವಾದದ್ದನ್ನು ನಡುವೆ ಇರಿಸಿದರೆ, ಕಾಲಿನಲ್ಲೇ ನಿಭಾಯಿಸಬಹುದು. ಮಿಕ್ಕ ದೂರಕ್ಕೆ ಸೈಕಲ್ಲು ಸಾಕು.

ವಾಹನದ ಲೆಕ್ಕವನ್ನೂ ಮಾಡಿ. ಒಂದು ಕಾರು ನಿಲ್ಲಲು ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದದ ಜಾಗ ಬೇಕು. ಒಳಗೆ ಬರಲು, ತಿರುಗಿಸಲು ದಾರಿಯನ್ನೂ ಸೇರಿಸಿದರೆ ಒಂದು ಕಾರಿಗೆ ಸುಮಾರು 25 ಚದರ ಮೀಟರ್. ಇನ್ನೂರು ಕಾರುಗಳಿಗೆ 5,000 ಚದರ ಮೀಟರ್, ಒಂದು ಎಕರೆಗೂ ಮೀರಿದ್ದು. ಅಷ್ಟರಲ್ಲಿ ಹನ್ನೊಂದು ಬಾಸ್ಕೆಟ್‌ಬಾಲ್ ಅಂಕಣಗಳು ಹಿಡಿಯುತ್ತವೆ. ಒಂದು ಕಾರು ನಿಲ್ಲುವ ಜಾಗದಲ್ಲಿ ಹತ್ತು ಸೈಕಲ್ ನಿಲ್ಲಿಸಬಹುದು. ಮುಂಬಯಿಯಲ್ಲಿ ಒಂದು ಚದರ ಅಡಿಯ ಬೆಲೆ ಏನೆಂದು ನಿಮ್ಮ ತಂದೆಯವರನ್ನು ಕೇಳಿ. ಆಮೇಲೆ ಕಾಲೇಜಿನ ಆಡಳಿತ ಮಂಡಲಿ 'ಆಟದ ಮೈದಾನಕ್ಕೆ ಜಾಗವಿಲ್ಲ' ಎಂದಾಗ ಜಾಗ ಎಲ್ಲಿ ಹೋಯಿತೆಂದು ನಿಮಗೇ ಹೊಳೆಯುತ್ತದೆ.

ನಮ್ಮ ಊರಿನದೇ ಉದಾಹರಣೆ ನೋಡಿ. ಮುಂಬಯಿ ವಿಶ್ವವಿದ್ಯಾಲಯದ ಹಳೆಯ ಆವರಣ ಫೋರ್ಟಿನಲ್ಲಿದೆ, ರಾಜಾಬಾಯಿ ಗೋಪುರದ ಬುಡದಲ್ಲಿ. ಚರ್ಚ್‌ಗೇಟಿನಲ್ಲಿ ಇಳಿದರೆ ಓವಲ್ ಮೈದಾನದ ಬದಿಯಿಂದ ಹತ್ತು ನಿಮಿಷದ ನಡಿಗೆ. ನಮ್ಮ ಕನ್ನಡ ವಿಭಾಗವೂ ಇರುವ ಕಾಲೀನಾದ ವಿದ್ಯಾನಗರಿ ಹಾಗಲ್ಲ. ಸಾಂತಾಕ್ರೂಜಿನಲ್ಲೋ ಕುರ್ಲಾದಲ್ಲೋ ಇಳಿದು ಮತ್ತೆ ಬಸ್ಸಿಗೋ ರಿಕ್ಷಾಕ್ಕೋ ಸಾಲು ನಿಲ್ಲಬೇಕು. ಒಂದೇ ವಿಶ್ವವಿದ್ಯಾಲಯ, ಎರಡು ಆವರಣ. ರೈಲು ನಿಲ್ದಾಣ ಎಷ್ಟು ದೂರವಿದೆ ಎನ್ನುವ ಒಂದು ಸಂಗತಿ ಸಾವಿರಾರು ಹುಡುಗ ಹುಡುಗಿಯರ ಬೆಳಗನ್ನು ತೀರ್ಮಾನಿಸುತ್ತದೆ. ಆದ್ದರಿಂದ ಆವರಣದ ಯೋಜನೆ ಕಾಂಪೌಂಡು ಗೋಡೆಗೆ ನಿಲ್ಲಬಾರದು. ಗೇಟು ಬಸ್ ನಿಲ್ದಾಣದ ಕಡೆಗೆ ತೆರೆಯುತ್ತದೆಯೋ, ಕಾರುಗಳು ಬರುವ ಕಡೆಗೆ ತೆರೆಯುತ್ತದೆಯೋ, ಅದನ್ನೂ ನೋಡಬೇಕು.

ನೆರಳು ಮತ್ತು ಸೂರು

ದೂರ ಕಡಿಮೆಯಾದರೆ ಸಾಲದು, ಆ ದೂರ ನಡೆಯುವಂತಿರಬೇಕು. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಬರಿಯ ಕಾಂಕ್ರೀಟಿನ ಮೇಲೆ 300 ಮೀಟರ್ ಕೂಡ ದೂರವೇ.

ವಿಜ್ಞಾನ ಸಂಸ್ಥೆಯ ಒಣ ಬಯಲು ಇಂದು ನೂರಕ್ಕೂ ಹೆಚ್ಚು ಜಾತಿಯ ಗಿಡಮರಗಳಿರುವ ತೋಪಾಗಿದೆ. ಅಲ್ಲಿನ ರಸ್ತೆಗಳಿಗೂ ಗುಲ್‌ಮೊಹರ್, ಮಹಾಗನಿ ಎಂದು ಮರಗಳದೇ ಹೆಸರು. ಒಂದು ವಿಷಯ ಗಮನಿಸಿ. ಸಾಲುಮರ ನೆರಳು ಕೊಡಲು ಇಪ್ಪತ್ತು ಮೂವತ್ತು ವರ್ಷ ಹಿಡಿಯುತ್ತದೆ. ನೆಟ್ಟವರು ಆ ನೆರಳಿನಲ್ಲಿ ಹೆಚ್ಚು ದಿನ ನಡೆದಿರಲಾರರು. ಎಂಬತ್ತರ ದಶಕದಲ್ಲಿ ಅಲ್ಲಿನ ಪರಿಸರ ವಿಜ್ಞಾನಿಗಳು ಪಶ್ಚಿಮ ಘಟ್ಟದ ಮರಗಳ ಸಸಿಗಳನ್ನು ತಂದು ಆವರಣದ ಒಂದು ತುಂಡು ನೆಲದಲ್ಲಿ ನೆಟ್ಟರು. ಬಯಲುಸೀಮೆಯ ಬೆಂಗಳೂರಿನಲ್ಲಿ ಮಲೆನಾಡಿನ ಮರ ಬದುಕೀತೇ ಎಂಬ ಅನುಮಾನ ಯಾರಿಗಾದರೂ ಬರುವಂಥದೇ. ಇಂದು ಅದು ದಟ್ಟವಾದ ಪುಟ್ಟ ಕಾಡು. ನಗರದ ನಡುವಿನ ಈ ಆವರಣದಲ್ಲಿ ಕಾಡುಪಾಪ ಕೂಡ ವಾಸಿಸುತ್ತದೆ. ಕಾಡುಪಾಪ ಎಂದರೇನೆಂದು ತಿಳಿಯದವರು ಮನೆಯಲ್ಲಿ ಅಜ್ಜಿಯನ್ನು ಕೇಳಿ. ದೊಡ್ಡ ಕಣ್ಣಿನ, ರಾತ್ರಿ ಓಡಾಡುವ ಸಣ್ಣ ಪ್ರಾಣಿ. ಕೊಂಬೆಯಿಂದ ಕೊಂಬೆಗೆ ದಾರಿ ತುಂಡಾಗದೆ ಇದ್ದರೆ ಮಾತ್ರ ಅದು ಬದುಕುತ್ತದೆ. ಮರಗಳ ಸಾಲು ತುಂಡಾಗದಿರುವುದು ಅದಕ್ಕೂ ಬೇಕು, ನಮಗೂ ಬೇಕು.

ಕಟ್ಟಡಗಳ ಮಾತೂ ಇದೆ. 1939ರಲ್ಲಿ ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾಗಿ ಬಂದ ಓಟ್ಟೋ ಕೋನಿಗ್ಸ್‌ಬರ್ಗರ್ ಅವರು ಹಿಟ್ಲರನ ಜರ್ಮನಿಯನ್ನು ತೊರೆದು ಬಂದ ಯಹೂದಿ. ವಿಜ್ಞಾನ ಸಂಸ್ಥೆಯ ವಿಮಾನಶಾಸ್ತ್ರ ಮೊದಲಾದ ವಿಭಾಗಗಳ ಕಟ್ಟಡಗಳು ಅವರ ವಿನ್ಯಾಸ. ಬಿಸಿಲಿಗೆ ಅಡ್ಡ, ಗಾಳಿಗೆ ದಾರಿ ಎಂಬುದು ಅವರ ಕ್ರಮ. ಉಷ್ಣವಲಯದ ಕಟ್ಟಡಗಳ ಬಗ್ಗೆ ಮುಂದೆ ಅವರು ಲೋಕಕ್ಕೇ ಪಾಠ ಹೇಳಿದರು. ಭುವನೇಶ್ವರದ ನಗರ ಯೋಜನೆಯೂ ಅವರದೇ. ಹವಾನಿಯಂತ್ರಣ ಯಂತ್ರವಿಲ್ಲದೆ ತಂಪಾಗಿರುವ ಕೊಠಡಿ ಕಟ್ಟುವುದು ಹೊಸ ವಿದ್ಯೆಯಲ್ಲ, ನಾವು ಮರೆತ ವಿದ್ಯೆ.

ಹಾಗೆಂದು ಬೆಂಗಳೂರನ್ನು ಮುಂಬಯಿಗೆ ನಕಲು ಮಾಡಬೇಕಿಲ್ಲ. ಇಲ್ಲಿ ಬಿಸಿಲಿಗಿಂತ ಮಳೆ ದೊಡ್ಡ ಸಮಸ್ಯೆ. 1958ರಲ್ಲಿ ಆರಂಭವಾದ ಪವಾಯಿಯ ಐ.ಐ.ಟಿ.ಯಲ್ಲಿ ವಿಭಾಗದಿಂದ ವಿಭಾಗಕ್ಕೆ ಸಾಗುವ ಬಹು ಉದ್ದದ ಒಂದು ಮೊಗಸಾಲೆಯಿದೆ. ಜುಲೈ ತಿಂಗಳಿನಲ್ಲಿ ಕೊಡೆ ಬಿಚ್ಚದೆ ಪಾಠದಿಂದ ಪಾಠಕ್ಕೆ ಹೋಗಬಹುದು. ಸೂರಿರುವ ಒಂದು ಓಣಿ ಎಷ್ಟು ಸ್ಕೂಟರುಗಳನ್ನು ಉಳಿಸಿದೆಯೋ, ಯಾರು ಬಲ್ಲರು! ಚೆನ್ನೈಯಲ್ಲಿರುವ ನಮ್ಮ ಓದುಗರಿಗೆ ಅಲ್ಲಿನ ಐ.ಐ.ಟಿ. ಗೊತ್ತೇ ಇದೆ. 1959ರಲ್ಲಿ ಗಿಂಡಿ ಕಾಡಿನ ಅಂಚಿನಲ್ಲಿ 600ಕ್ಕೂ ಹೆಚ್ಚು ಎಕರೆಯಲ್ಲಿ ಅದನ್ನು ಕಟ್ಟಿದಾಗ ಆಲದ ಮರಗಳನ್ನೂ ಜಿಂಕೆಗಳನ್ನೂ ಉಳಿಸಿಕೊಂಡರು. ವಿದ್ಯಾರ್ಥಿಗಳು ಅಲ್ಲಿ ಮೋಟಾರು ವಾಹನ ಇಟ್ಟುಕೊಳ್ಳುವಂತಿಲ್ಲ. ಸೈಕಲ್ಲು, ಇಲ್ಲವೆ ಆವರಣದೊಳಗಿನ ಬಸ್ಸು. ಅಲ್ಲಿನ ವಸತಿಗೃಹಗಳಿಗೆ ನದಿಗಳ ಹೆಸರು. ಅವುಗಳಲ್ಲಿ ನಮ್ಮ ಕಾವೇರಿಯೂ ಇದ್ದಾಳೆ, ಶರಾವತಿಯೂ ಇದ್ದಾಳೆ. ಒಂದು ಊರಿನಲ್ಲಿ ಮರ, ಇನ್ನೊಂದರಲ್ಲಿ ಸೂರು, ಮತ್ತೊಂದರಲ್ಲಿ ನಿಯಮ. ದಾರಿ ಬೇರೆ ಬೇರೆ, ನಡೆಯುವವನಿಗೆ ಮೊದಲ ಸ್ಥಾನ ಕೊಟ್ಟದ್ದು ಮಾತ್ರ ಒಂದೇ.

ಎಡವಿದ ಕಡೆ

ಬರಿಯ ಹೊಗಳಿಕೆ ಹೇಳಿದರೆ ನಿಮಗೆ ಅರ್ಧ ವಿಷಯ ಹೇಳಿದಂತಾಗುತ್ತದೆ. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣ ಸಾವಿರಕ್ಕೂ ಹೆಚ್ಚು ಎಕರೆ. ಎಪ್ಪತ್ತರ ದಶಕದಲ್ಲಿ ಅದು ಊರ ಹೊರಗಿತ್ತು. ನೆಲ ಧಾರಾಳವಾಗಿತ್ತು, ಕಟ್ಟಡಗಳು ದೂರ ದೂರ ಎದ್ದವು. ಆಮೇಲೆ ಊರು ಬೆಳೆದು ಆವರಣವನ್ನು ಸುತ್ತುವರಿಯಿತು. ಒಳಗಿನ ರಸ್ತೆ ಹೊರಗಿನವರಿಗೆ ಅಡ್ಡದಾರಿಯಾಯಿತು. ಓದುವ ಮಕ್ಕಳ ನಡುವೆ ನಗರದ ವಾಹನಗಳು ಹರಿಯತೊಡಗಿದವು. 2022ರ ಅಕ್ಟೋಬರಿನಲ್ಲಿ ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬಳು ಅಲ್ಲಿ ಬಸ್ಸಿನ ಚಕ್ರಕ್ಕೆ ಸಿಲುಕಿದಳು, ಕೆಲವು ದಿನಗಳಲ್ಲಿ ತೀರಿಕೊಂಡಳು. ಆವರಣದೊಳಗೆ ಹೊರಗಿನ ವಾಹನಗಳನ್ನು ಬಿಡಬೇಡಿ ಎಂದು ವಿದ್ಯಾರ್ಥಿಗಳು ರಸ್ತೆಗಿಳಿದರು. ನಮ್ಮ ಹುಡುಗಿಯ ಕೈ ಮುರಿದು ಕೂಡಿತು, ಪುಣ್ಯ. ಎಲ್ಲರಿಗೂ ಆ ಪುಣ್ಯ ಇರುವುದಿಲ್ಲ.

ಇಲ್ಲಿಂದ ಕಲಿಯಬೇಕಾದ ಪಾಠ ಎರಡು. ಒಂದು, ನೆಲ ಹೆಚ್ಚಿದ್ದ ಮಾತ್ರಕ್ಕೆ ಕಟ್ಟಡಗಳನ್ನು ಚೆಲ್ಲಾಪಿಲ್ಲಿ ಇಡಬಾರದು. ಎರಡು, ಕಟ್ಟಡವನ್ನು ಕೆಡವಿ ಇನ್ನೊಂದು ಕಟ್ಟಬಹುದು, ರಸ್ತೆಯನ್ನು ಒಮ್ಮೆ ಬಿಟ್ಟುಕೊಟ್ಟರೆ ಹಿಂದೆ ಪಡೆಯುವುದು ಬಹಳ ಕಷ್ಟ. ಅದರ ಮೇಲೆ ದಿನವೂ ಓಡಾಡುವವರಿಗೆ ಅದು ಹಕ್ಕಾಗಿಬಿಡುತ್ತದೆ, ಅವರ ಕಡೆಗೂ ನ್ಯಾಯವಿರುತ್ತದೆ.

ಇನ್ನೊಂದು ಸಂಗತಿ. ಬೆಂಗಳೂರಿನ ನೆಲ ಸಾಲದೆಂದು ವಿಜ್ಞಾನ ಸಂಸ್ಥೆ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಳಿ 1,500 ಎಕರೆಯಲ್ಲಿ ಎರಡನೆಯ ಆವರಣ ಮಾಡಿತು. ಅಲ್ಲಿ ಬೇರೆ ಸರ್ಕಾರಿ ಸಂಸ್ಥೆಗಳಿಗೂ ನೆಲ ಕೊಟ್ಟರು. ನಕ್ಷೆಯಲ್ಲಿ ಅದು ಖಾಲಿ ಹುಲ್ಲುಗಾವಲು. ಆದರೆ ಅದು ಅಮೃತಮಹಲ್ ಕಾವಲು, ತಲೆಮಾರುಗಳಿಂದ ದನ ಕುರಿ ಮೇಯಿಸಿಕೊಂಡು ಬಂದ ಹಳ್ಳಿಗರ ಬದುಕು. ವಿಷಯ ಹಸಿರು ನ್ಯಾಯಾಧಿಕರಣದವರೆಗೂ ಹೋಯಿತು. 'ಖಾಲಿ ಜಾಗ' ಎಂಬ ಮಾತು ಕೇಳಿದಾಗಲೆಲ್ಲ, ಯಾರ ಕಣ್ಣಿಗೆ ಖಾಲಿ ಎಂದು ಒಮ್ಮೆ ಕೇಳಿ.

ನಕ್ಷೆ ಓದುವುದು ಹೇಗೆ?

ಈಗ ಆ ಬಣ್ಣದ ಚೌಕಗಳ ಮುಂದೆ ನಿಲ್ಲೋಣ. ಕೈಯಲ್ಲೊಂದು ಅಳತೆಪಟ್ಟಿ, ಒಂದು ಪೆನ್ಸಿಲು ಸಾಕು.

ಮೊದಲು ನಕ್ಷೆಯ ಮೂಲೆಯಲ್ಲಿರುವ ಅಳತೆಯ ಪ್ರಮಾಣ ನೋಡಿ. ಗ್ರಂಥಾಲಯವನ್ನು ಕೇಂದ್ರವಾಗಿಟ್ಟು 400 ಮೀಟರಿನ ಒಂದು ವೃತ್ತ ಎಳೆಯಿರಿ. ಅದು ಐದು ನಿಮಿಷದ ನಡಿಗೆ. ಪಾಠದ ಕೊಠಡಿಗಳೆಲ್ಲ ಅದರೊಳಗೆ ಬಂದವೇ? ಹೊಸ ವಸತಿಗೃಹ ಎಲ್ಲಿ ಬಿತ್ತು?

ಆಮೇಲೆ ಗೇಟಿನಿಂದ ನಿಮ್ಮ ತರಗತಿಯವರೆಗೆ ಬೆರಳಿನಲ್ಲಿ ನಡೆಯಿರಿ. ಬೆರಳು ಎಷ್ಟು ಕಡೆ ವಾಹನದ ರಸ್ತೆ ದಾಟಿತು? ಒಂದು ಸಲವೂ ದಾಟದಿದ್ದರೆ ಉತ್ತಮ ಯೋಜನೆ. ವಾಹನ ನಿಲ್ದಾಣವನ್ನು ಗೇಟಿನ ಬಳಿಯೇ ಇರಿಸಿ, ಅಲ್ಲಿಂದ ಒಳಗೆ ಎಲ್ಲರೂ, ಪ್ರಾಂಶುಪಾಲರೂ ಸೇರಿ, ನಡೆದೇ ಬರುವಂತೆ ಮಾಡಿದ್ದರೆ ಇನ್ನೂ ಉತ್ತಮ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಆವರಣದಲ್ಲಿ ಅರವತ್ತರ ದಶಕದಲ್ಲೇ ಸೈಕಲ್ಲನ್ನು ಗಮನದಲ್ಲಿಟ್ಟು ಯೋಜನೆ ಮಾಡಿ, ನಡುಭಾಗದಿಂದ ಕಾರುಗಳನ್ನು ಹೊರಗಿಟ್ಟರು. ಕಾರುಗಳ ದೇಶದಲ್ಲೇ ಅದು ಆಗುವುದಾದರೆ ನಮ್ಮಲ್ಲಿ ಏಕಾಗದು? ವಾಹನ ಬರಲೇಬೇಕಾದಲ್ಲಿ ವೇಗ ಗಂಟೆಗೆ 30 ಕಿಲೋಮೀಟರಿಗಿಂತ ಹೆಚ್ಚಿರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಕಾಲೇಜಿನೊಳಗೆ ಅದರ ಅರ್ಧವೇ ಸಾಕು.

ಮೂರನೆಯದಾಗಿ, ಗಾಲಿಕುರ್ಚಿಯಲ್ಲಿ ಬರುವವರು, ಕಣ್ಣು ಕಾಣದವರು ಅದೇ ದಾರಿಯಲ್ಲಿ ಹೋಗಬಲ್ಲರೇ? 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ ಪ್ರಕಾರ ಇದು ಕಾಲೇಜಿನ ಹೊಣೆ, ಔದಾರ್ಯವಲ್ಲ. ನಮ್ಮ ಹುಡುಗಿ ಹೇಳಿದಳು, "ಒಂದು ಕೈ ಇಲ್ಲದೆ ಆರು ವಾರ ಓಡಾಡಿದ ಮೇಲೆ ನಮ್ಮ ಕಾಲೇಜಿನ ಬಾಗಿಲುಗಳು ಎಷ್ಟು ಭಾರ ಅಂತ ಗೊತ್ತಾಯ್ತು" ಎಂದು.

ನಾಲ್ಕನೆಯದು ನೀರು. ಮಳೆಗಾಲದಲ್ಲಿ ಈಗ ಎಲ್ಲಿ ನೀರು ನಿಲ್ಲುತ್ತದೆ ಎಂಬುದು ನಕ್ಷೆ ಬರೆದ ಎಂಜಿನಿಯರಿಗಿಂತ ನಿಮಗೆ ಚೆನ್ನಾಗಿ ಗೊತ್ತು. ಆ ಜಾಗದಲ್ಲಿ ಕಟ್ಟಡದ ಬಣ್ಣ ಬಳಿದಿದ್ದರೆ ಪ್ರಶ್ನೆ ಕೇಳಿ. ಅಲ್ಲಿ ಒಂದು ಕೊಳವೋ ಹುಲ್ಲಿನ ತಗ್ಗೋ ಇದ್ದರೆ ನೀರು ಇಂಗಲು ಜಾಗವಾಗುತ್ತದೆ.

ಕೊನೆಯದಾಗಿ, ಬಣ್ಣವೇ ಇಲ್ಲದ ಜಾಗ ಏನಾದರೂ ಉಳಿದಿದೆಯೇ? ಮೂವತ್ತು ವರ್ಷದ ನಕ್ಷೆಯಲ್ಲಿ ಒಂದಿಂಚೂ ಬಿಡದೆ ಎಲ್ಲವೂ ತುಂಬಿದ್ದರೆ, ಮೂವತ್ತೊಂದನೆಯ ವರ್ಷ ಬರುವವರನ್ನು ಯಾರೂ ನೆನೆದಿಲ್ಲವೆಂದು ಅರ್ಥ. ಹತ್ತು ವರ್ಷಕ್ಕೊಮ್ಮೆ ಯೋಜನೆಯನ್ನು ತಿದ್ದುವ ಮಾತು ಎಲ್ಲಾದರೂ ಇದೆಯೇ ಎಂದೂ ನೋಡಿ.

ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆಯಿರಿ. 'ನಮ್ಮ ಕಾಲೇಜು ಸರಿಯಿಲ್ಲ' ಎಂದು ಬರೆಯಬೇಡಿ. 'ಗೇಟಿನಿಂದ ಪ್ರಯೋಗಾಲಯಕ್ಕೆ ಇಷ್ಟು ಮೀಟರ್, ಕಾಲುದಾರಿ ಇಲ್ಲ, ದಿನಕ್ಕೆ ಇಷ್ಟು ಜನ ನಡೆಯುತ್ತಾರೆ' ಎಂದು ಎಣಿಸಿ ಬರೆಯಿರಿ. ದೂರಿಗೆ ಸಮಜಾಯಿಷಿ ಕೊಡಬಹುದು, ಎಣಿಕೆಗೆ ಉತ್ತರ ಕೊಡಬೇಕಾಗುತ್ತದೆ.

ನಿಮ್ಮಲ್ಲಿ ಕೆಲವರು ಕೇಳಬಹುದು, "ನಾವು ಎರಡು ವರ್ಷದಲ್ಲಿ ಓದು ಮುಗಿಸಿ ಹೋಗುವವರು, ಆ ಕಾಲುದಾರಿ ಆಗುವಾಗ ನಾವೆಲ್ಲಿ ಇರುತ್ತೇವೆ?" ಎಂದು. ನಿಜ. 'ಅಪ್ಪ ನೆಟ್ಟ ಆಲದ ಮರ' ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ಹಳತಕ್ಕೆ ಜೋತು ಬೀಳಬೇಡ ಎನ್ನಲು ಬಳಸುತ್ತೇವೆ. ಆದರೆ ಅಪ್ಪ ನೆಟ್ಟದ್ದಂತೂ ಹೌದಲ್ಲ! ಅರವತ್ತು ಎಪ್ಪತ್ತು ವರ್ಷದ ಹಿಂದೆ ಊರಿನಿಂದ ಬಂದು ಹೋಟೆಲಿನಲ್ಲಿ ದುಡಿಯುತ್ತ, ರಾತ್ರಿಶಾಲೆಯಲ್ಲಿ ಓದುತ್ತ ಈ ನಗರದಲ್ಲಿ ಕನ್ನಡ ಸಂಘಗಳನ್ನು ಕಟ್ಟಿದ ಹಿರಿಯರು, ನೀವು ಕೋಲಾಟ ಆಡುವ ದಿನವನ್ನು ಕಂಡಿರಲಿಲ್ಲ. ಆದರೂ ಕಟ್ಟಿದರು.

ನಮ್ಮ ಹುಡುಗಿಯ ಪ್ಲಾಸ್ಟರ್ ಹೋದ ವಾರ ಬಿಚ್ಚಿದರಂತೆ. ಗೆಳತಿಯರೊಡನೆ ಅಳತೆಪಟ್ಟಿ ಹಿಡಿದು ಕಾಲೇಜು ಅಳೆಯುತ್ತಿದ್ದೇನೆ ಎಂದು ಫೋನಿನಲ್ಲಿ ಹೇಳಿದಳು. ಸಲಹೆ ಕೊಡಲು ಈ ತಿಂಗಳ ಕೊನೆಯವರೆಗೆ ಅವಕಾಶವಿದೆ. ಅವಳ ಪತ್ರಕ್ಕೆ ಏನು ಉತ್ತರ ಬಂತೆಂಬುದನ್ನು ಮುಂದೆ ತಿಳಿಸುತ್ತೇನೆ.

ಅಷ್ಟರಲ್ಲಿ ನೀವೂ ನಿಮ್ಮ ಕಾಲೇಜಿನ ಗೇಟಿನಿಂದ ತರಗತಿಯವರೆಗೆ ಒಂದು ದಿನ ಎಣಿಸಿಕೊಂಡು ನಡೆಯಿರಿ. ಎಷ್ಟು ಹೆಜ್ಜೆ, ಎಷ್ಟು ನೆರಳು, ಎಷ್ಟು ಕಡೆ ಹೆದರಿ ನಿಂತಿರಿ ಎಂಬುದನ್ನು ನಾಲ್ಕು ಸಾಲಿನಲ್ಲಿ ಬರೆದು ಸಂಘದ ವಿಳಾಸಕ್ಕೆ ಕಳಿಸಿ. ಕನ್ನಡದಲ್ಲಿ ತಪ್ಪಾದರೆ ನಾನು ತಿದ್ದುತ್ತೇನೆ, ಹೆಜ್ಜೆಯ ಎಣಿಕೆ ಮಾತ್ರ ಸರಿಯಿರಲಿ.

ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ.